ಬಿಚ್ಚಿ ಜೋಡಿಸಿದ ಮೇಲೆ ಆನ್ ಆಗದ ಲ್ಯಾಪ್‌ಟಾಪ್: ಥಿಂಕ್‌ಪ್ಯಾಡ್ ಟಿ480ರಲ್ಲಿ ದೋಷ ಹುಡುಕುವ ಕ್ರಮ

ರ‍್ಯಾಮ್ ಹೆಚ್ಚಿಸಲೆಂದೋ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಲೆಂದೋ ಲ್ಯಾಪ್‌ಟಾಪ್ ಬಿಚ್ಚಿದ್ದೀರಿ. ಎಲ್ಲವನ್ನೂ ಮೊದಲಿದ್ದಂತೆಯೇ ಜೋಡಿಸಿ ಪವರ್ ಬಟನ್ ಒತ್ತಿದರೆ ಏನೂ ಇಲ್ಲ. ಈ ಹೊತ್ತಿನಲ್ಲಿ ಹೆಚ್ಚಿನವರು ಹೊಸ ಭಾಗವೇ ಸರಿಯಿಲ್ಲವೆಂದು ಅಂಗಡಿಗೆ ಓಡುತ್ತಾರೆ, ಇಲ್ಲವೇ ಮದರ್‌ಬೋರ್ಡ್ ಹೋಯಿತೆಂದು ಕೈಚೆಲ್ಲುತ್ತಾರೆ. ಎರಡೂ ಅವಸರದ ತೀರ್ಮಾನ. ಬಿಚ್ಚುವ ಮುನ್ನ ಸರಿಯಾಗಿ ಓಡುತ್ತಿದ್ದ ಯಂತ್ರ ಬಿಚ್ಚಿದ ಮೇಲೆ ಓಡುತ್ತಿಲ್ಲವೆಂದರೆ, ಮೊದಲು ಅನುಮಾನಿಸಬೇಕಾದದ್ದು ನಮ್ಮ ಕೈ ಮುಟ್ಟಿದ ಜಾಗವನ್ನು: ಅರ್ಧ ಕೂತ ರ‍್ಯಾಮ್, ಓರೆಯಾದ ರಿಬ್ಬನ್ ಕೇಬಲ್, ತಪ್ಪು ತೂತಿಗೆ ಹೋದ ಸ್ಕ್ರೂ. ಹಾಗಾಗಿ ಹುಡುಕಾಟ ಕೊನೆಯಲ್ಲಿ ಮಾಡಿದ ಕೆಲಸದಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ.

ಉದಾಹರಣೆಗೆ ಇಲ್ಲಿ ತೆಗೆದುಕೊಂಡಿರುವುದು 2018ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ480. ಕಂಪನಿಗಳು ಬಳಸಿ ಬಿಟ್ಟ ಈ ಜಾತಿಯ ಯಂತ್ರಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡಿನಂಥ ಕಡೆ ಸೆಕೆಂಡ್‌ಹ್ಯಾಂಡ್ ಆಗಿ ಸಿಗುತ್ತವೆ, ಬಿಚ್ಚುವುದೂ ಸುಲಭ. ರ‍್ಯಾಮ್ ಬೋರ್ಡಿಗೆ ಬೆಸೆದಿಲ್ಲ. ಎರಡು ಸ್ಲಾಟ್, ಎರಡು ಬ್ಯಾಟರಿ, ಎರಡು ಯುಎಸ್‌ಬಿ-ಸಿ ಪೋರ್ಟ್. ನಿಮ್ಮದು ಬೇರೆ ಮಾದರಿಯಾದರೆ ಸ್ಕ್ರೂ ಲೆಕ್ಕ ಬದಲಾದೀತು, ಹುಡುಕುವ ಕ್ರಮ ಬದಲಾಗದು.

ಮುಚ್ಚಳ ತೆಗೆಯುವ ಮುನ್ನ

ಟಿ480ರಲ್ಲಿ ಹೊರಗಿನ ಬ್ಯಾಟರಿ ಕಿತ್ತಿಟ್ಟರೂ ಒಳಗೆ 24 ವ್ಯಾಟ್-ಅವರ್‌ನ ಇನ್ನೊಂದು ಬ್ಯಾಟರಿ ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಇದನ್ನು ಮರೆತು ರ‍್ಯಾಮ್ ಎಳೆದರೆ, ಡಿಸ್‌ಪ್ಲೇ ಕೇಬಲ್ ಬಿಡಿಸಿದರೆ, ಚೆನ್ನಾಗಿದ್ದ ಬೋರ್ಡ್ ನಮ್ಮ ಕೈಯಾರೆ ಸುಡಬಹುದು. ಯಂತ್ರ ಆನ್ ಆಗುವ ಸ್ಥಿತಿಯಲ್ಲಿದ್ದರೆ ದಾರಿ ಸುಲಭ:

1. ಆನ್ ಮಾಡಿ ಎಫ್1 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ. ಕಾನ್ಫಿಗ್, ಅದರೊಳಗೆ ಪವರ್, ಅದರೊಳಗೆ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಆರಿಸಿ. ಯಂತ್ರ ತಾನೇ ಆಫ್ ಆಗುತ್ತದೆ. ಮತ್ತೆ ಚಾರ್ಜರ್ ಸಿಕ್ಕಿಸುವವರೆಗೆ ಒಳಬ್ಯಾಟರಿ ಮಲಗಿರುತ್ತದೆ.
2. ಚಾರ್ಜರ್ ತೆಗೆದಿಡಿ. ತಳದ ಎರಡು ಲ್ಯಾಚ್ ಸರಿಸಿ ಹೊರಬ್ಯಾಟರಿ ತೆಗೆಯಿರಿ.
3. ತಳದ 6 ಫಿಲಿಪ್ಸ್ ಸ್ಕ್ರೂಗಳನ್ನು ಸಡಿಲಿಸಿ. ಇವು ಮುಚ್ಚಳದಲ್ಲೇ ಉಳಿಯುವಂಥವು, ಉದುರುವುದಿಲ್ಲ. ಆರೂ ಪೂರ್ತಿ ಸಡಿಲವಾಗದೆ ಮುಚ್ಚಳ ಎಬ್ಬಿಸಬೇಡಿ.
4. ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿ ಸುತ್ತಲೂ ಎಳೆಯುತ್ತ ಬನ್ನಿ. ಕ್ಲಿಪ್ ಬಿಟ್ಟಾಗ ಟಕ್ ಎನ್ನುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಕ್ಲಿಪ್ ಮುರಿಯುತ್ತದೆ, ಅಂಚು ಕಚ್ಚಿಹೋಗುತ್ತದೆ.

ಯಂತ್ರ ಆನ್ ಆಗುವುದೇ ಇಲ್ಲವೆಂದರೆ ಬಯೋಸ್ ದಾರಿ ಇಲ್ಲ. ಆಗ ಚಾರ್ಜರ್, ಹೊರಬ್ಯಾಟರಿ ತೆಗೆದು, ಮುಚ್ಚಳ ತೆರೆದೊಡನೆ ಬೇರೆ ಯಾವುದನ್ನೂ ಮುಟ್ಟದೆ ಒಳಬ್ಯಾಟರಿಯ ಸ್ಕ್ರೂ ಬಿಚ್ಚಿ ಅದನ್ನು ಹೊರತೆಗೆದಿಡಿ. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಚೂರುಪಾರು ಚಾರ್ಜೂ ಇಳಿಯುತ್ತದೆ.

ಒಳಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಟಚ್‌ಪ್ಯಾಡ್ ಕ್ಲಿಕ್ ಬಿಗಿಯಾಗಿರುವುದು, ತಳದ ಮುಚ್ಚಳ ಕೂರದೆ ಎದ್ದುಕೊಂಡಿರುವುದು ಇದರ ಲಕ್ಷಣ. ಅಂಥದ್ದನ್ನು ಬಗ್ಗಿಸಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು, ಮನೆಯ ಕಸದ ಬುಟ್ಟಿಗೂ ಹಾಕಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೇ ಕೊಡಬೇಕು.

ಸ್ಕ್ರೂಗಳ ವಿಷಯದಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ಒಳಭಾಗದ ಸ್ಥೂಲ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದೇ ಜಾಗಕ್ಕೆ ಸೆಲ್ಲೊಟೇಪಿನಲ್ಲಿ ಅಂಟಿಸಿ. ಒಂದೇ ದಪ್ಪದ ಸ್ಕ್ರೂಗಳು ಒಂದೆರಡು ಮಿಲಿಮೀಟರ್ ಉದ್ದದಲ್ಲಿ ವ್ಯತ್ಯಾಸವಿರುತ್ತವೆ, ಕಣ್ಣಿಗೆ ಬೇಗ ಗೊತ್ತಾಗದು. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹೋದರೆ ಅದರ ತುದಿ ಬೋರ್ಡಿಗೆ ತಾಗಿ ಶಾರ್ಟ್ ಆಗುತ್ತದೆ, ಇಲ್ಲವೇ ಕೈಯೂರುವ ಜಾಗದಲ್ಲಿ ಗುಳ್ಳೆಯಂತೆ ಉಬ್ಬಿ ಮೇಲೆ ಬರುತ್ತದೆ. ಬಿಗಿಸುವಾಗ ಎಂದಿಗಿಂತ ಎರಡು ಸುತ್ತು ಹೆಚ್ಚು ಹೋದಂತೆ ಅಥವಾ ಬೇಗನೆ ನಿಂತಂತೆ ಅನಿಸಿದರೆ ಬಿಚ್ಚಿ ನೋಡಿ.

ಪೂರ್ತಿ ಸತ್ತಂತಿದೆ: ದೀಪವೂ ಇಲ್ಲ

ಮೊದಲು ಪರದೆಯ ಹಿಂಬದಿಯ ಮುಚ್ಚಳದ ಹೊರಮೈ ನೋಡಿ. ಥಿಂಕ್‌ಪ್ಯಾಡ್ ಎಂಬ ಬರಹದ ‘ಐ’ ಅಕ್ಷರದ ತಲೆಯ ಮೇಲೆ ಕೆಂಪು ಚುಕ್ಕೆಯಿದೆ. ಚಾರ್ಜರ್ ಹೊಸದಾಗಿ ಸಿಕ್ಕಿಸಿದಾಗ ಅದು 3 ಸಲ ಮಿನುಗಬೇಕು. ಈ ಮೂರು ಮಿನುಗು ಕಂಡರೆ ಚಾರ್ಜರ್, ಪೋರ್ಟ್, ಬೋರ್ಡಿನ ಮೊದಲ ಹಂತದ ವಿದ್ಯುತ್ ಸರಿಯಿದೆ ಎಂದರ್ಥ. ಹಾಗಾದರೆ ದೋಷ ಮುಂದಿನ ಹಂತದ್ದು, ಕೆಳಗಿನ ಭಾಗಕ್ಕೆ ಹೋಗಿ. ಮಿನುಗಲಿಲ್ಲವೆಂದರೆ ಕರೆಂಟೇ ಒಳಗೆ ಬರುತ್ತಿಲ್ಲ.

ಕರೆಂಟ್ ಬರುತ್ತಿಲ್ಲವೆಂದಾಗ ಮೊದಲ ಪ್ರಶ್ನೆ ಚಾರ್ಜರ್‌ದು. ಟಿ480ಕ್ಕೆ ಯುಎಸ್‌ಬಿ-ಸಿಯಲ್ಲಿ 20 ವೋಲ್ಟ್ ಕೊಡುವ 45 ಅಥವಾ 65 ವ್ಯಾಟ್ ಅಡಾಪ್ಟರ್ ಬೇಕು. ತುದಿ ಒಂದೇ ಆಕಾರದಲ್ಲಿದೆಯೆಂದು ಫೋನಿನ ಚಾರ್ಜರ್ ಸಿಕ್ಕಿಸಿ ಪರೀಕ್ಷೆ ಮಾಡಿದರೆ ಉತ್ತರವೇ ತಪ್ಪು ಬರುತ್ತದೆ, ಅವುಗಳಲ್ಲಿ ಎಷ್ಟೋ 5 ಅಥವಾ 9 ವೋಲ್ಟಿಗೆ ನಿಂತುಬಿಡುತ್ತವೆ. ಎರಡೂ ಪೋರ್ಟ್‌ಗಳಲ್ಲಿ ಸಿಕ್ಕಿಸಿ ನೋಡಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಆ ಪೋರ್ಟ್ ಸವೆದಿದೆ ಅಥವಾ ಅದರ ಬೆಸುಗೆ ಬಿಟ್ಟಿದೆ. ಟಾರ್ಚ್ ಹಿಡಿದು ಒಳಗಿನ ನಾಲಗೆಯಂಥ ಪಟ್ಟಿಯನ್ನೂ ನೋಡಿ: ಬಟ್ಟೆಯ ಧೂಳು ಅಡಕವಾಗಿ ತುಂಬಿದ್ದರೆ ತುದಿ ಕೊನೆಯವರೆಗೆ ಹೋಗುವುದಿಲ್ಲ.

ಈ ಕೆಲಸಕ್ಕೆ ಯುಎಸ್‌ಬಿ-ಸಿ ಮೀಟರ್‌ನಷ್ಟು ಉಪಯೋಗಕ್ಕೆ ಬರುವ ಉಪಕರಣ ಇನ್ನೊಂದಿಲ್ಲ. ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವೆ ಸಿಕ್ಕಿಸಿ ಅಂಕಿ ಓದಿ.

20 ವೋಲ್ಟ್ ತೋರಿಸಿ ಆಂಪಿಯರ್ ಕೂಡ ಏರುತ್ತಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ, ವಿದ್ಯುತ್ತಿನ ದಾರಿ ತೆರೆದಿದೆ. 20 ವೋಲ್ಟ್ ಇದ್ದೂ ಆಂಪಿಯರ್ ಸೊನ್ನೆಯ ಹತ್ತಿರವೇ ನಿಂತಿದ್ದರೆ ಎಷ್ಟು ವೋಲ್ಟ್ ಬೇಕೆಂಬ ಮಾತುಕತೆಯನ್ನು ಚಾರ್ಜರ್ ಲ್ಯಾಪ್‌ಟಾಪಿನೊಡನೆ ಮುಗಿಸಿದೆ, ಬೋರ್ಡ್ ಎಚ್ಚರಗೊಂಡಿಲ್ಲ. 5 ವೋಲ್ಟಿನಲ್ಲೇ ನಿಂತರೆ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವಿನ ಒಪ್ಪಂದ ಮುರಿದಿದೆ: ಕೇಬಲ್, ಪೋರ್ಟ್ ಅಥವಾ ಅದನ್ನು ನಡೆಸುವ ಚಿಪ್. ವೋಲ್ಟೇಜ್ ಏರಿ ಬಿದ್ದು, ಏರಿ ಬಿದ್ದು ಮಾಡುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ತಕ್ಷಣ ಚಾರ್ಜರ್ ಕಿತ್ತು, ಸ್ಕ್ರೂ ಒಂದೇನಾದರೂ ಬೋರ್ಡಿನ ಕೆಳಗೆ ಜಾರಿದೆಯೇ ಎಂದು ಹುಡುಕಿ. ಎಣಿಕೆಯಲ್ಲಿ ಒಂದು ಸ್ಕ್ರೂ ಕಡಿಮೆಯಾಗಿದ್ದರೆ ಅದು ಸಿಗುವವರೆಗೆ ಕರೆಂಟ್ ಕೊಡಲೇಬೇಡಿ.

ಬೋರ್ಡ್ ಎಚ್ಚರಗೊಂಡಿಲ್ಲವೆಂದು ತೋರಿದರೆ ತುರ್ತು ರೀಸೆಟ್ ಮಾಡಿ. ತಳದಲ್ಲಿ ಸೂಜಿ ತೂರುವಷ್ಟು ಸಣ್ಣ ತೂತೊಂದಿದೆ. ಚಾರ್ಜರ್ ತೆಗೆದು, ನೇರ ಮಾಡಿದ ಪೇಪರ್ ಕ್ಲಿಪ್ಪನ್ನು ಅದರಲ್ಲಿ ಮೆತ್ತಗೆ ಒತ್ತಿ, ಒಂದು ನಿಮಿಷ ಬಿಟ್ಟು ಚಾರ್ಜರ್ ಸಿಕ್ಕಿಸಿ. ಬ್ಯಾಟರಿ ಕಿತ್ತು ಹಾಕಿದ ಮೇಲೆ ಪವರ್ ನಿಯಂತ್ರಿಸುವ ಚಿಪ್ ಗೊಂದಲದಲ್ಲಿ ಸಿಕ್ಕಿಕೊಂಡಿದ್ದರೆ ಇಷ್ಟರಲ್ಲೇ ಬಿಡುಗಡೆಯಾಗುತ್ತದೆ. ಮತ್ತೊಂದು ವಿಷಯ: ಬಯೋಸ್‌ನಲ್ಲಿ ಒಳಬ್ಯಾಟರಿ ಮಲಗಿಸಿ, ಕೆಲಸ ಮುಗಿದ ಮೇಲೆ ಚಾರ್ಜರ್ ಇಲ್ಲದೆ ಬಟನ್ ಒತ್ತಿದರೆ ಯಂತ್ರ ಏಳುವುದೇ ಇಲ್ಲ. ಇದು ದೋಷವಲ್ಲ, ಚಾರ್ಜರ್ ಸಿಕ್ಕಿಸಿದರೆ ಸಾಕು.

ಬಿಚ್ಚುವ ಮೊದಲಿನಿಂದಲೂ ಚಾರ್ಜಿಂಗ್ ತೊಂದರೆ ಇದ್ದ ಯಂತ್ರವಾದರೆ ಇನ್ನೊಂದು ಕಾರಣ ನೋಡಲೇಬೇಕು. 2017ರಿಂದ 2019ರವರೆಗಿನ ಹಲವು ಥಿಂಕ್‌ಪ್ಯಾಡ್‌ಗಳ ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಆಕಾರದ್ದೇ ವೇಗದ ಪೋರ್ಟ್) ಫರ್ಮ್‌ವೇರ್‌ನಲ್ಲಿ, ಎಂದರೆ ಚಿಪ್ಪಿನೊಳಗಿನ ತಂತ್ರಾಂಶದಲ್ಲಿ, ತಪ್ಪಿತ್ತು, ಟಿ480 ಅದರಲ್ಲಿ ಒಂದು. ಯುಎಸ್‌ಬಿ-ಸಿ ಪೋರ್ಟ್ ಕೆಲಸ ನಿಲ್ಲಿಸುವುದು, ಅದರಲ್ಲಿ ಚಾರ್ಜ್ ಆಗದಿರುವುದು, ಎಚ್‌ಡಿಎಂಐ ಚಿತ್ರ ಬಾರದಿರುವುದು ಇದರ ಗುರುತು. ಲೆನೊವೊ ತಿದ್ದಿದ ಫರ್ಮ್‌ವೇರ್ ಬಿಡುಗಡೆ ಮಾಡಿದೆ. ಸೆಕೆಂಡ್‌ಹ್ಯಾಂಡ್ ಟಿ480 ಕೈಗೆ ಬಂದ ದಿನವೇ, ಪೋರ್ಟ್ ಇನ್ನೂ ಕೆಲಸ ಮಾಡುತ್ತಿರುವಾಗಲೇ, ಅದನ್ನು ಹಾಕಿಬಿಡಬೇಕು. ಪೋರ್ಟ್ ಸತ್ತ ಮೇಲಾದರೆ ಬೋರ್ಡಿನ ಆ ಚಿಪ್ಪನ್ನು ಪ್ರೋಗ್ರಾಮರ್ ಹಿಡಿದು ಹೊಸದಾಗಿ ಬರೆಯಬೇಕಾದೀತು. ಪೋರ್ಟೇ ಹಾಳೆಂದು ಬೆಸುಗೆ ಬಿಡಿಸಿ ಹೊಸ ಪೋರ್ಟ್ ಹಾಕಿದರೂ ಇದು ಹೋಗುವುದಿಲ್ಲ.

ದೀಪ ಇದೆ, ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು

ಇಲ್ಲಿ ಅವಸರ ಬೇಡ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಹೊಸ ರ‍್ಯಾಮ್‌ನ ಅಳತೆ ತೆಗೆದುಕೊಳ್ಳುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಎರಡು ನಿಮಿಷ ಬಟನ್ ಮುಟ್ಟದೆ ಕಾಯಿರಿ. ಹತ್ತು ಸೆಕೆಂಡಿಗೆ ಆಫ್ ಮಾಡಿ ಆಫ್ ಮಾಡಿ ಆ ಕೆಲಸವನ್ನು ಮುಗಿಯಗೊಡದೆ, ರ‍್ಯಾಮ್ ಹೊಂದುತ್ತಿಲ್ಲವೆಂದು ಹಿಂದಿರುಗಿಸುವವರಿದ್ದಾರೆ.

ಕಾದ ಮೇಲೂ ಬಾರದಿದ್ದರೆ, ಅಥವಾ ಬೀಪ್ ಸದ್ದು ಬಂದರೆ, ಮೊದಲ ಅನುಮಾನ ರ‍್ಯಾಮ್ ಮೇಲೆ. ಟಿ480ಕ್ಕೆ ಬೇಕಿರುವುದು 260 ಪಿನ್‌ಗಳ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್, 1.2 ವೋಲ್ಟ್. ಇದರಲ್ಲಿ ಅದು ಓಡುವ ವೇಗ 2400; ಅದಕ್ಕಿಂತ ವೇಗದ 2666 ಅಥವಾ 3200 ಹಾಕಿದರೂ 2400ಕ್ಕೇ ಇಳಿದು ಓಡುತ್ತದೆ, ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಕೂರಿಸುವುದರಲ್ಲಿ. ಪಟ್ಟಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಸ್ಲಾಟಿನೊಳಗೆ ತಳ್ಳಬೇಕು, ಆಮೇಲೆ ಕೆಳಕ್ಕೆ ಒತ್ತಬೇಕು. ಕಣ್ಣನ್ನು ಹತ್ತಿರ ತಂದು ನೋಡಿ: ಪೂರ್ತಿ ಕೂತಿದ್ದರೆ ಚಿನ್ನದ ಬಣ್ಣದ ಹಲ್ಲುಗಳು ಕೂದಲೆಳೆಯಷ್ಟೇ, ಎಡದಿಂದ ಬಲದವರೆಗೆ ಒಂದೇ ಅಗಲಕ್ಕೆ ಕಾಣುತ್ತವೆ. ಒಂದು ಬದಿ ಅಗಲ, ಇನ್ನೊಂದು ಬದಿ ಸಪೂರ ಕಂಡರೆ ಅದು ಓರೆಯಾಗಿ ಹೊಕ್ಕಿದೆ. ಎರಡೂ ಬದಿಯ ಲೋಹದ ಕೊಕ್ಕೆಗಳು ಪಟ್ಟಿಯ ಕಚ್ಚಿನೊಳಗೆ ಬಿದ್ದಿರಬೇಕು. ಒಂದೇ ಕೊಕ್ಕೆ ಬಿದ್ದು ಇನ್ನೊಂದು ಪಟ್ಟಿಯ ಮೇಲೆ ಕೂತಿರುವುದು ನಾವು ಪದೇ ಪದೇ ಕಾಣುವ ತಪ್ಪು. ಮೇಲಿಂದ ನೋಡಿದರೆ ಎಲ್ಲ ಸರಿಯಿರುವಂತೆಯೇ ಕಾಣುತ್ತದೆ.

ಕರಾವಳಿಯಲ್ಲಿ ಬಳಸಿದ ಯಂತ್ರವಾದರೆ ಹಲ್ಲುಗಳ ಮೇಲೆ ಮಂಕು ಪೊರೆ ಕಟ್ಟಿರುತ್ತದೆ. ಉಪ್ಪಿನ ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಮಾಡುವ ಕೆಲಸ ಅದು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಅಂಗಡಿಗಳಲ್ಲಿ ರೂಢಿ. ನಮಗೆ ಅದು ಒಪ್ಪಿಗೆಯಿಲ್ಲ, ಚಿನ್ನದ ಲೇಪ ತೀರಾ ತೆಳು, ಅದೂ ಸವೆದುಹೋಗುತ್ತದೆ.

ಇಷ್ಟರಲ್ಲೂ ಆಗದಿದ್ದರೆ ಯಂತ್ರವನ್ನು ಕನಿಷ್ಠಕ್ಕೆ ಇಳಿಸಿ. ಎರಡೂ ಬ್ಯಾಟರಿ ಹೊರಗೆ, ಎಸ್‌ಎಸ್‌ಡಿ ಹೊರಗೆ, ಹೊಸದಾಗಿ ಹಾಕಿದ್ದೆಲ್ಲ ಹೊರಗೆ. ಬೋರ್ಡ್, ಹೀಟ್‌ಸಿಂಕ್ (ಪ್ರೊಸೆಸರಿನ ಶಾಖ ಹೀರುವ ಲೋಹದ ಭಾಗ), ಫ್ಯಾನ್, ಕೀಬೋರ್ಡ್, ಪರದೆ, ಮೊದಲಿದ್ದ ಹಳೆಯ ರ‍್ಯಾಮ್ ಒಂದೇ ಒಂದು, ಬರೀ ಚಾರ್ಜರ್ ಮೇಲೆ ಆನ್ ಮಾಡಿ. ಲೋಗೊ ಕಂಡು ಎಫ್1ಗೆ ಬಯೋಸ್ ತೆರೆದರೆ ಬೋರ್ಡ್ ಜೀವಂತ. ಅಲ್ಲಿಂದ ಒಂದೊಂದೇ ಭಾಗ ಸೇರಿಸುತ್ತ, ಪ್ರತಿ ಸಲ ಕರೆಂಟ್ ಪೂರ್ತಿ ತೆಗೆದು, ಮತ್ತೆ ಆನ್ ಮಾಡಿ ನೋಡಿ. ಯಾವುದನ್ನು ಸೇರಿಸಿದಾಗ ನಿಂತಿತೋ ದೋಷ ಅಲ್ಲಿದೆ. ಹಳೆಯ ರ‍್ಯಾಮ್‌ನಲ್ಲಿ ಏಳದಿದ್ದರೆ ಅದನ್ನೇ ಎರಡನೇ ಸ್ಲಾಟಿಗೆ ಹಾಕಿ ನೋಡಿ. ಒಂದು ಸ್ಲಾಟಿನಲ್ಲಿ ಮಾತ್ರ ಬಂದರೆ ಇನ್ನೊಂದರಲ್ಲಿ ಕಸವಿದೆ ಅಥವಾ ಪಿನ್ ಬಗ್ಗಿದೆ. ಎರಡು ರ‍್ಯಾಮ್ ಬೇರೆ ಬೇರೆಯಾಗಿ ಓಡಿ ಒಟ್ಟಿಗೆ ಓಡದಿದ್ದರೆ ಅವೆರಡು ಒಂದಕ್ಕೊಂದು ಹೊಂದುತ್ತಿಲ್ಲ. ಓಡಿದರೂ ಆಗಾಗ ನೀಲಿ ಪರದೆ ಬರುತ್ತಿದ್ದರೆ ನೆನಪಿನ ದೋಷ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಹಚ್ಚಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ನಂಬಬಾರದು.

ಇನ್ನೊಂದು ಸಾಧ್ಯತೆ: ಯಂತ್ರ ಓಡುತ್ತಿದೆ, ಪರದೆಗೆ ಮಾತ್ರ ಬೆಳಕಿಲ್ಲ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಲೋಗೊ ಅಥವಾ ಅಕ್ಷರ ಕಂಡರೆ ಚಿತ್ರ ಬರುತ್ತಿದೆ, ಹಿಂಬೆಳಕು ಹೋಗಿದೆ. ಬ್ಯಾಟರಿ ತೆಗೆಯದೆ ಪರದೆಯ ಕೇಬಲ್ ಎಳೆದಾಗ ಆಗುವ ಅನಾಹುತ ಇದೇ, ಬೋರ್ಡಿನ ಮೇಲಿನ ಸಾಸಿವೆಯಂಥ ಫ್ಯೂಸ್ ಸುಟ್ಟಿರುತ್ತದೆ. ಫ್ಯೂಸ್ ಬದಲಿಸಿದರೆ ಸರಿಹೋಗುವುದಕ್ಕೆ ಇಡೀ ಪರದೆ ಕೊಳ್ಳಬೇಡಿ. ಟಾರ್ಚಿಗೂ ಏನೂ ಕಾಣದೆ ಹೊರಗಿನ ಮಾನಿಟರಿನಲ್ಲಿ ಚಿತ್ರ ಬಂದರೆ ಪರದೆಯ ಕೇಬಲ್ ನೋಡಿ.

ಬಯೋಸ್ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಬಯೋಸ್‌ನ ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರಿದೆಯೇ ನೋಡಿ. ಇಲ್ಲವೆಂದರೆ ಹಾರ್ಡ್‌ವೇರ್ ಮಾತು. ಟಿ480ರಲ್ಲಿ 2.5 ಇಂಚಿನ, 7 ಮಿಮೀ ದಪ್ಪದ ಸಾಟಾ (ಹಳೆಯ ಬಗೆಯ ಸಂಪರ್ಕ) ಡ್ರೈವ್ ಕೂರುವ ಜಾಗದಲ್ಲೇ, ಬೇರೆ ಬ್ರಾಕೆಟ್ ಹಾಕಿ 2280 ಅಳತೆಯ, ಎಂ.2 ಎಂಬ ಪಟ್ಟಿಯಾಕಾರದ ಎನ್‌ವಿಎಂಇ (ಹೊಸ, ವೇಗದ ಬಗೆಯ ಸಂಪರ್ಕ) ಡ್ರೈವ್ ಕೂರಿಸಬಹುದು. ಬ್ರಾಕೆಟ್ ಎನ್‌ವಿಎಂಇಗೆ ಮಾಡಿದ್ದು. ಎಂ.2 ಆಕಾರದ್ದೇ ಸಾಟಾ ಡ್ರೈವುಗಳೂ ಮಾರುಕಟ್ಟೆಯಲ್ಲಿವೆ, ಆಕಾರ ನೋಡಿ ತಂದರೆ ಬಯೋಸ್ ಅದನ್ನು ಕಾಣುವುದಿಲ್ಲ. ಲೇಬಲ್ ಮೇಲೆ ಎನ್‌ವಿಎಂಇ ಎಂದೇ ಇರಬೇಕು. ಈ ಜಾಗಕ್ಕೆ ಪಿಸಿಐಇ 3.0ರ (ಡ್ರೈವ್ ಬೋರ್ಡಿನೊಡನೆ ಮಾತಾಡುವ ದಾರಿ) ಎರಡೇ ಲೇನ್ ಇರುವುದರಿಂದ ಡ್ರೈವಿನ ಪೆಟ್ಟಿಗೆಯ ಮೇಲಿನ ವೇಗದ ಸುಮಾರು ಅರ್ಧ ಬಂದರೆ ಅದು ದೋಷವಲ್ಲ. ದುಬಾರಿ ಡ್ರೈವಿಗೆ ಹಣ ಹಾಕುವ ಮುನ್ನ ಇದು ನೆನಪಿರಲಿ.

ಹೆಸರು ಕಾಣುತ್ತಿದ್ದೂ ಬೂಟ್ ಆಗದಿದ್ದರೆ ಎಫ್12 ಒತ್ತಿ ಅದನ್ನೇ ಆರಿಸಿ ನೋಡಿ. ಹಳೆಯ ಸಾಟಾ ಡಿಸ್ಕನ್ನು ಎನ್‌ವಿಎಂಇಗೆ ನಕಲು ಮಾಡಿದಾಗ ವಿಂಡೋಸ್ ಬೂಟ್ ಡ್ರೈವ್ ಸಿಗದೆ ನೀಲಿ ಪರದೆ ತೋರಿಸಬಹುದು. ಒಮ್ಮೆ ಸೇಫ್ ಮೋಡ್‌ನಲ್ಲಿ (ಅಗತ್ಯದ ಭಾಗಗಳಷ್ಟೇ ಓಡುವ ವಿಂಡೋಸ್) ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೀಲಿ ಪರದೆಯಲ್ಲಿ ಬಿಟ್‌ಲಾಕರ್ (ಡ್ರೈವಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ಕೀ ಕೇಳಿದರೆ ಬೇರೆ ದಾರಿಯಿಲ್ಲ, ಆ ಕೀ ಬೇಕೇ ಬೇಕು. ಅದಕ್ಕೇ ಬಿಚ್ಚುವ ಮುನ್ನ ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ, ಕೀಯನ್ನು ಕಾಗದದಲ್ಲಿ ಬರೆದಿಡಬೇಕು. ಫೋಟೊಗಳೆಲ್ಲ ಒಳಗಿದ್ದು ಕೀ ಇಲ್ಲದಿದ್ದರೆ ಯಾವ ರಿಪೇರಿಯವರೂ ಏನೂ ಮಾಡಲಾರರು.

ಪ್ರತಿ ಸಲ ಗಡಿಯಾರ ಹಿಂದೆ ಹೋಗಿ 0271 ಎಂಬ ಸಂಕೇತದೊಡನೆ ದಿನಾಂಕ ಸರಿಪಡಿಸಲು ಕೇಳಿದರೆ ವೈರ್ ಸಹಿತ ಬರುವ ಸಿಆರ್2032 ನಾಣ್ಯದ ಬ್ಯಾಟರಿ ಕಿತ್ತಿದೆ ಅಥವಾ ಮುಗಿದಿದೆ. ಮಲ್ಟಿಮೀಟರಿನಲ್ಲಿ 3 ವೋಲ್ಟಿನ ಆಸುಪಾಸು ಇರಬೇಕು. ಇದನ್ನು ಕಿತ್ತರೆ ಬಯೋಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಅಳಿಯುತ್ತದೆ ಎಂಬ ಮಾತು ಥಿಂಕ್‌ಪ್ಯಾಡ್‌ಗೆ ಸಲ್ಲದು. ಪಾಸ್‌ವರ್ಡ್ ಬೇರೆ ಚಿಪ್ಪಿನಲ್ಲಿದೆ. ಹಳೆಯ ಯಂತ್ರ ಕೊಳ್ಳುವಾಗ ಅಂಗಡಿಯಲ್ಲೇ ಎಫ್1 ಒತ್ತಿ, ಪಾಸ್‌ವರ್ಡ್ ಕೇಳದೆ ಬಯೋಸ್ ತೆರೆಯುವುದನ್ನು ಕಂಡ ಮೇಲೆಯೇ ಹಣ ಕೊಡಿ.

ಓಡುತ್ತದೆ, ಆದರೆ ಕುದಿಯುತ್ತದೆ

ಆನ್ ಮಾಡುವಾಗಲೇ ‘ಫ್ಯಾನ್ ಎರರ್’ ಎಂದು ಬಂದರೆ ಫ್ಯಾನಿನ ಕನೆಕ್ಟರ್ ಪೂರ್ತಿ ಕೂತಿಲ್ಲ ಅಥವಾ ಯಾವುದೋ ವೈರ್ ರೆಕ್ಕೆಗೆ ಸಿಕ್ಕಿದೆ. ಫ್ಯಾನ್ ತಿರುಗುತ್ತಿದ್ದೂ ಬಿಸಿಯಾದರೆ ಎಷ್ಟು ಬೇಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ. ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶ ತೆರೆದಿಟ್ಟು ಭಾರದ ಕೆಲಸ ಕೊಡಿ. ಎರಡು ಮೂರು ಸೆಕೆಂಡಿನಲ್ಲೇ 95 ಡಿಗ್ರಿ ದಾಟಿದರೆ ಹೀಟ್‌ಸಿಂಕ್ ಪ್ರೊಸೆಸರಿಗೆ ತಾಗುತ್ತಿಲ್ಲ: ಎರಡರ ನಡುವೆ ಶಾಖ ಸಾಗಿಸುವ ಪೇಸ್ಟ್ ಒಣಗಿದೆ, ಸ್ಕ್ರೂ ಓರೆಯಾಗಿ ಬಿಗಿದಿದೆ, ಇಲ್ಲವೇ ಹೊಸ ಪ್ಯಾಡಿನ ಪ್ಲಾಸ್ಟಿಕ್ ಪೊರೆ ಕೀಳುವುದು ಮರೆತಿದೆ. ಹಲವು ನಿಮಿಷಗಳಲ್ಲಿ ನಿಧಾನವಾಗಿ ಏರಿದರೆ ಶಾಖ ತಾಮ್ರಕ್ಕೆ ಬರುತ್ತಿದೆ, ಗಾಳಿಗೆ ಹೋಗುತ್ತಿಲ್ಲ. ಫ್ಯಾನ್ ಮತ್ತು ತಾಮ್ರದ ಎಲೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಹೊರಗಿನಿಂದ ಊದಿದರೆ ಅದು ಫ್ಯಾನಿನೊಳಗೇ ಬೀಳುತ್ತದೆ. ಫ್ಯಾನ್ ತೆಗೆದು ಚಿಮಟದಲ್ಲಿ ಎತ್ತಬೇಕು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ.

ಪೇಸ್ಟ್ ಹಾಕುವಾಗ ಹಳೆಯದನ್ನು ಪೂರ್ತಿ ಒರೆಸಿ. ಹೊಳೆಯುವ ಆಯತದ ಚಿಪ್ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿ, ಅಕ್ಕಿಕಾಳಿನಷ್ಟಾದರೆ ಸಾಕು. ಹೀಟ್‌ಸಿಂಕ್ ಮೇಲೆ ಕೆತ್ತಿದ ಸಂಖ್ಯೆಯ ಕ್ರಮದಲ್ಲಿ, ಎಲ್ಲ ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬನ್ನಿ. ಒಂದನ್ನೇ ಕೊನೆಯವರೆಗೆ ಬಿಗಿದರೆ ಎದುರು ಮೂಲೆ ಎದ್ದುಕೊಳ್ಳುತ್ತದೆ, ಅಪರೂಪಕ್ಕೆ ಚಿಪ್ಪಿನ ಅಂಚೇ ಸಿಡಿಯುತ್ತದೆ.

ಚಿಕ್ಕಪುಟ್ಟವು

ವೈ-ಫೈ ಪಕ್ಕದ ಕೋಣೆಗೂ ಸಿಗದಿದ್ದರೆ ಆಂಟೆನಾ ವೈರ್ ಕಳಚಿದೆ. ವೈ-ಫೈ ಕಾರ್ಡಿನ ಮೇಲೆ ಮೇನ್ ಎಂದಿರುವಲ್ಲಿಗೆ ಬೂದು ಬಣ್ಣದ್ದು, ಆಕ್ಸ್ ಎಂದಿರುವಲ್ಲಿಗೆ ಕಪ್ಪು. ಗುಂಡಿಯನ್ನು ನೇರ ಮೇಲಿಂದ ಒತ್ತಿ, ಓರೆಯಾಗಿ ಒತ್ತಿದರೆ ಚಪ್ಪಟೆಯಾಗುತ್ತದೆ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಸತ್ತಿದ್ದರೆ ರಿಬ್ಬನ್ ಕೇಬಲ್ ನೋಡಿ: ಕನೆಕ್ಟರಿನ ಪುಟ್ಟ ಕದ ತೆರೆದು, ಕೇಬಲ್ ಮೇಲಿನ ಗೆರೆ ಕನೆಕ್ಟರಿನ ಬಾಯಿಗೆ ಸಮಾನಾಂತರ ಆಗುವಂತೆ ಕೂರಿಸಿ, ಆಮೇಲೆ ಕದ ಮುಚ್ಚಿ. ಕದ ಮುಚ್ಚಿದ್ದಾಗ ಕೇಬಲ್ ಎಳೆದರೆ ಒಳಗಿನ ಪಿನ್ನುಗಳು ಕೈಗೆ ಬರುತ್ತವೆ.

ಬೋರ್ಡ್ ರಿಪೇರಿಯವರಿಗೆ ಕೊಡುವಾಗ

ಕನಿಷ್ಠಕ್ಕೆ ಇಳಿಸಿದ ಯಂತ್ರವೂ ಏಳದೆ, ಬೇರೆ ಚಾರ್ಜರ್, ಬೇರೆ ರ‍್ಯಾಮ್ ಎರಡನ್ನೂ ನೋಡಿಯಾಗಿದ್ದರೆ ಉಳಿದದ್ದು ಬೋರ್ಡಿನ ಕೆಲಸ. ಅದಕ್ಕೆ ಹಾಟ್ ಏರ್ (ಬಿಸಿಗಾಳಿಯ ಬೆಸುಗೆ ಯಂತ್ರ), ಸ್ಕೀಮ್ಯಾಟಿಕ್ (ಬೋರ್ಡಿನ ವಿದ್ಯುತ್ ನಕ್ಷೆ), ಪಳಗಿದ ಕೈ ಬೇಕು. ಕೊಡುವಾಗ ಎಸ್‌ಎಸ್‌ಡಿ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಒಂದು ಚೀಟಿಯಲ್ಲಿ ಇಷ್ಟು ಬರೆದು ಯಂತ್ರಕ್ಕೆ ಅಂಟಿಸಿ: ಕೆಡುವ ಮುನ್ನ ಯಾವ ಭಾಗ ಮುಟ್ಟಿದ್ದು, ಆಗ ಒಳಬ್ಯಾಟರಿ ಬಿಡಿಸಿತ್ತೇ ಇಲ್ಲವೇ, ಮೀಟರ್ ಪ್ರತಿ ಪೋರ್ಟಿನಲ್ಲಿ ತೋರಿಸಿದ ವೋಲ್ಟ್ ಮತ್ತು ಆಂಪಿಯರ್, ಕೆಂಪು ಚುಕ್ಕೆ ಮಿನುಗಿತೇ, ಯಾವ ಸ್ಕ್ರೂ ಸಿಕ್ಕಿಲ್ಲ. ಬ್ಯಾಟರಿ ಬಿಡಿಸಿರಲಿಲ್ಲವೆಂದರೆ ಅದನ್ನು ಮುಚ್ಚಿಡಬೇಡಿ, ಯಾವ ಫ್ಯೂಸಿನಿಂದ ಅಳೆಯಲು ಶುರುಮಾಡಬೇಕೆಂದು ಅವರಿಗೆ ಗೊತ್ತಾಗುವುದೇ ಆ ಒಂದು ಸಾಲಿನಿಂದ.